ಬಾಂಡ್ ಪೇಪರ್ ಮೇಲಿನ ಭಕ್ತಿ

ದೇವರ ಮೇಲಿನ ಭಕ್ತಿಯನ್ನು ನೋಟರಿ ಮಾಡಿಸಬಹುದೇ?

ಮಾಡಿಸಬಹುದು. ಹೋದ ವಾರ ನಾನೇ ಸೀಲ್ ಒತ್ತಿದೆ. (ಹೊಸಪೇಟೆ ಕೋರ್ಟಿನೆದುರು ಕೂತು ಇಷ್ಟು ವರ್ಷ ಅಫಿಡವಿಟ್ ಮಾಡಿಕೊಟ್ಟವನಿಗೆ ಇನ್ನು ಯಾವುದೂ ಆಶ್ಚರ್ಯ ಆಗಬಾರದು. ಆದರೂ ಆಯಿತು.)

ಬಂದವರು ದೇವಪುತ್ರಪ್ಪ, ಕುರೆಕುಪ್ಪ ಕಡೆಯ ಸಣ್ಣದೊಂದು ಕ್ರೈಸ್ತ ಸಭೆಯ ಹಿರಿಯರು. ಜೊತೆಗೆ ಸುಗುಣಮ್ಮ. ಫ್ಯಾಕ್ಟರಿ ಗೇಟಿನ ಹತ್ತಿರ ಮಂಡಕ್ಕಿ ಒಗ್ಗರಣೆ-ಮಿರ್ಚಿ ಗಾಡಿ ಇಟ್ಟಾಕೆ. ದೇವಪುತ್ರಪ್ಪನವರ ಕೈಯಲ್ಲಿ, ಆಕೆಯ ಹೆಸರಲ್ಲಿ ಟೈಪ್ ಮಾಡಿಸಿದ ಬಾಂಡ್. ಭಾನುವಾರ ವ್ಯಾಪಾರ ಮಾಡುವುದಿಲ್ಲ, ಹೂ ಮುಡಿಯುವುದಿಲ್ಲ, ಮನೆಯಲ್ಲಿ ಟಿವಿ ಹಚ್ಚುವುದಿಲ್ಲ. ತಪ್ಪಿದರೆ ಸಭೆಯಿಂದ ಹೊರಗೆ. ಸಹಿ ಹಾಕದಿದ್ದರೆ ಮುಂದಿನ ತಿಂಗಳು ಆಕೆಯ ಮಗಳ ಮದುವೆಯನ್ನು ಪಾಸ್ಟರ್ ಮಾಡಿಸುವುದಿಲ್ಲ.

ಇದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂದೆ. ದೇವಪುತ್ರಪ್ಪ ಕೆಟ್ಟವರೇನಲ್ಲ, ಸ್ವಂತ ತಮ್ಮನನ್ನು ಕುಡಿತಕ್ಕೆ ಕಳೆದುಕೊಂಡವರು. ತಣ್ಣಗೆ ಹೇಳಿದರು: "ಕೋರ್ಟಿಗೆ ಯಾಕ ಹೋಗೂದ್ರಿ ವಕೀಲ್ರ? ಪ್ರೀತಿಲೆ ಹೇಳಿ ಹೇಳಿ ಸಾಕಾಗೈತಿ. ಬಾಂಡ್ ಅಂದ್ರ ಮಂದಿ ಅಂಜ್ತಾರ."

ಅಂಜುತ್ತಾರೆ, ನಿಜ. ಆದರೆ ಅಂಜಿ ಬಂದವರನ್ನು ಕೂರಿಸಿಕೊಂಡು ಏನು ಮಾಡುತ್ತೀರಿ? ನಾಳೆ ಸರ್ಕಾರವೇ ಇಂಥ ಬಾಂಡ್ ಬರೆಸಿಕೊಳ್ಳಲು ಶುರು ಮಾಡಿದರೆ? ದೇವರು ಯಾರಾದರೂ ಇರಲಿ. ಸಭೆಯಾದರೆ ಹೊರಗೆ ಹಾಕುತ್ತದೆ, ಸರ್ಕಾರವಾದರೆ ಒಳಗೆ ಹಾಕುತ್ತದೆ. ಅಷ್ಟೇ ವ್ಯತ್ಯಾಸ.

(ಅವರನ್ನು ನೋಡಿ ನಗಬೇಡಿ. ನಮ್ಮ ವೈಷ್ಣವರ ಓಣಿಯ ಬಾಡಿಗೆ ಕರಾರುಗಳಲ್ಲಿ 'ಮಾಂಸ ಬೇಯಿಸತಕ್ಕದ್ದಲ್ಲ' ಅಂತ ಎಷ್ಟು ಸಲ ಬರೆದುಕೊಟ್ಟಿದ್ದೇನೋ. ಆಗ ಇಷ್ಟೆಲ್ಲ ಯೋಚನೆ ಬಂದಿರಲಿಲ್ಲ.)

ದೇವಪುತ್ರಪ್ಪ ಜೆರಾಕ್ಸ್ ಮಾಡಿಸಲು ಹೋದಾಗ ಸುಗುಣಮ್ಮ ಬಾಯಿ ಬಿಟ್ಟಳು. ಭಾನುವಾರ ಕಾರ್ಮಿಕರ ಮೆಸ್ ಬಂದ್, ಹಾಗಾಗಿ ಅವತ್ತೇ ಗಾಡಿಗೆ ವ್ಯಾಪಾರವಂತೆ. ಎಲ್ಲ ಮುಗಿಸಿ, ಕೈ ತೊಳೆದು, ಸಂಜೆ ಪ್ರಾರ್ಥನೆಗೆ ಹೋಗುತ್ತಾಳೆ. ಇಪ್ಪತ್ತು ವರ್ಷ, ಒಂದು ವಾರ ತಪ್ಪಿಸಿಲ್ಲ. ಯಾರೂ ಹೇಳಿ ಕಳಿಸಿದ್ದಲ್ಲ, ಅಲ್ಲಿ ಕೂತರೆ ಜೀವಕ್ಕೆ ಹಗುರ ಅನ್ನಿಸುತ್ತದೆ ಅಂದಳು. ಇನ್ನು ಮೇಲೆ ಭಾನುವಾರ ಸಂಡೂರಿಗೆ ಹೋಗಿ ತಂಗಿಯ ಗಾಡಿಯಲ್ಲಿ ಮಿರ್ಚಿ ಕರಿಯುತ್ತಾಳಂತೆ. ಅಲ್ಲಿ ಸಭೆಯವರ ಕಣ್ಣು ಬೀಳುವುದಿಲ್ಲ.

ದೇವಪುತ್ರಪ್ಪ ವಾಪಸ್ ಬಂದರು. ಸಹಿಗೆ ಮುಂಚೆ ನಾನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಷ್ಟದಿಂದ ಸಹಿ ಮಾಡುತ್ತಿದ್ದೀರಾ? ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಉತ್ತರಕ್ಕೆ ಕಿವಿ ಕೊಟ್ಟಿದ್ದೇ ಇಲ್ಲ. ಅವತ್ತು ಕೊಟ್ಟೆ.

ಆಕೆ ದೇವಪುತ್ರಪ್ಪನವರ ಮುಖ ನೋಡಿದಳು. ಆಮೇಲೆ ನನ್ನ ಮುಖ.

"ಹೌದ್ರಿ, ನನ್ನ ಇಷ್ಟಾನ. ಜಲ್ದಿ ಸೀಲ್ ಹಾಕ್ರಿ, ಮಗಳ ಮದುವಿ ಐತಿ."

ಹಾಕಿದೆ. ಹಾಕಬಾರದಿತ್ತು ಅನ್ನುತ್ತೀರಿ. ಗೊತ್ತು. ಒಂದು ಮದುವೆ ನಿಲ್ಲಿಸುವ ಧೈರ್ಯ ನನಗೆ ಸಾಲಲಿಲ್ಲ.

ಇಪ್ಪತ್ತು ವರ್ಷ ದೇವರಿಂದ ಏನನ್ನೂ ಮುಚ್ಚಿಡದ ಹೆಂಗಸಿಗೆ, ಆ ದೇವರ ಹೆಸರಲ್ಲೇ, ನಾವಿಬ್ಬರು ಗಂಡಸರು ಸುಳ್ಳು ಹೇಳುವುದನ್ನು ಕಲಿಸಿ ಕಳಿಸಿದೆವು.