ಜೀಪು ಹೊತ್ತು ತಿರುಗಿದ ಕಾಕಾ

ಅವರ ಮುಖಕ್ಕೆ ಎರಡು ಬಣ್ಣವಿತ್ತು. ವರ್ಷಾನುಗಟ್ಟಲೆ ಲಾರಿಯ ಕಿಟಕಿಗೆ ಮೊಣಕೈ ಊರಿ ಕುಳಿತದ್ದಕ್ಕೆ ಬಲಗೆನ್ನೆ, ಬಲಗಿವಿ, ಬಲತೋಳು ಹೆಂಚಿನ ಮೇಲೆ ಮರೆತುಬಿಟ್ಟ ರೊಟ್ಟಿಯ ಹಾಗೆ ಕಪ್ಪಾಗಿದ್ದವು. ಎಡಭಾಗ ಗೋಧಿ ಬಣ್ಣದಲ್ಲೇ ಉಳಿದಿತ್ತು. ಹೊರಗೆ ನಿಂತು ನೋಡಿದರೆ ಒಬ್ಬ ಮನುಷ್ಯ, ಒಳಗೆ ಪಕ್ಕದಲ್ಲಿ ಕುಳಿತು ನೋಡಿದರೆ ಇನ್ನೊಬ್ಬ. ನಾನು ಹೆಚ್ಚಾಗಿ ಪಕ್ಕದಲ್ಲಿ ಕುಳಿತವನು. ಹಾಗಾಗಿ ಈಗಲೂ ನೆನಪಿಗೆ ಬರುವುದು ಆ ಎಡಗೆನ್ನೆ, ಅದರ ಮೇಲಿನ ಬಿಳಿ ಕುರುಚಲು ಗಡ್ಡ, ಬಾಯಿಯ ಮೂಲೆಯಲ್ಲಿ ಯಾವಾಗಲೂ ಇರುತ್ತಿದ್ದ ಅಡಿಕೆಯ ಚೂರು.

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದವನಾದ ನಾನು ಕಲ್ಲುಮಣ್ಣಿನ ಸರ್ವೆ ಮಾಡುವ ಇಲಾಖೆಯೊಂದರಲ್ಲಿ ಹೊಸದಾಗಿ ಸೇರಿಕೊಂಡಿದ್ದೆ. ಸವದತ್ತಿಯ ಹೊರಗಿನ ಬಯಲಿನಲ್ಲಿ ನಮ್ಮ ಡೇರೆಗಳು. ಕೆಲಸ ಮಾತ್ರ ದೂರದ ಗುಡ್ಡಗಳಲ್ಲಿ, ಒಮ್ಮೆ ಕಿತ್ತೂರಿನ ಕಡೆ, ಒಮ್ಮೆ ರಾಮದುರ್ಗದ ಕಡೆ. ಗುಡ್ಡ ಹತ್ತುವುದಕ್ಕೆಂದು ಮಿಲಿಟರಿಯವರು ದುಡಿಸಿ ಬಿಟ್ಟ ಹಳೆಯ ಜೀಪೊಂದನ್ನು ಕೊಟ್ಟಿದ್ದರು. ಆಡು ಹತ್ತುವ ಜಾಗವನ್ನೆಲ್ಲ ಅದು ಹತ್ತುತ್ತಿತ್ತು, ಆದರೆ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಅದೇ ಸಮಯಕ್ಕೆ ಪೆಟ್ರೋಲಿನ ಬೆಲೆ ಗಗನಕ್ಕೇರಿತು. ಮೇಲಿನಿಂದ ಹುಕುಂ ಬಂತು: ಜೀಪನ್ನು ಸಡಕಿನ ಮೇಲೆ ಓಡಿಸಕೂಡದು, ಕ್ಯಾಂಪಿನ ಡೀಸೆಲ್ ಲಾರಿಯಲ್ಲಿ ಹೇರಿಕೊಂಡು ಗುಡ್ಡದ ಬುಡದವರೆಗೆ ಒಯ್ಯಬೇಕು, ದಾರಿ ಮುಗಿದಲ್ಲಿ ಇಳಿಸಿ ಚಾಲು ಮಾಡಬೇಕು, ಸಂಜೆ ಮತ್ತೆ ಹೇರಿಕೊಂಡು ಬರಬೇಕು. ಆ ಲಾರಿಯ ಚಾಲಕರೇ ನಮ್ಮ ಕಾಕಾ. ಅವರಿಗೆ ಬೇರೆ ಹೆಸರಿತ್ತು, ಆದರೆ ಕ್ಯಾಂಪಿನಲ್ಲಿ ಅದನ್ನು ಕರೆದವರನ್ನು ನಾನು ಕಾಣೆ.

ಲಾರಿಯ ಮೇಲೆ ಜೀಪು ಕುಳಿತು ಹೋಗುವುದು ಹಳ್ಳಿಯವರಿಗೆ ದೊಡ್ಡ ತಮಾಷೆ. ಚಚಡಿಯ ಹತ್ತಿರ ಒಮ್ಮೆ ಬಾವಿಕಟ್ಟೆಯಲ್ಲಿದ್ದ ಹೆಣ್ಣುಮಗಳೊಬ್ಬಳು ಕೇಳಿಯೇಬಿಟ್ಟಳು, "ಯಾಕ್ರೀ ಕಾಕಾ, ಜೀಪು ಬಾಣಂತಿ ಐತೇನು, ಹೊತಗೊಂಡ ಹೊಂಟೀರಲಾ?"

ಕಾಕಾ ಲಾರಿ ನಿಲ್ಲಿಸದೆಯೇ ಹೇಳಿದರು, "ಹೂಂ ನೋಡವಾ, ಮೊನ್ನಿ ಎರಡ ಸೈಕಲ್ ಹಡದೈತಿ!"

ಬಾವಿಯ ಹತ್ತಿರದ ನಗು ನಮಗೆ ಬಹಳ ದೂರದವರೆಗೆ ಕೇಳಿಸಿತು. ಕಾಕಾ ನಗಲಿಲ್ಲ. ನಗಿಸುವುದು ಅವರಿಗೆ ಬರುತ್ತಿತ್ತು, ಜೊತೆಗೆ ನಗುವುದು ಬರುತ್ತಿರಲಿಲ್ಲ.

ಜೀಪು ಹೇರುವುದಕ್ಕೆ, ಇಳಿಸುವುದಕ್ಕೆ ನಮ್ಮಲ್ಲಿ ಯಾವ ಯಂತ್ರವೂ ಇರಲಿಲ್ಲ. ಇದ್ದದ್ದು ಎರಡು ದಪ್ಪ ಹಲಗೆ, ಗಾಲಿಗೆ ಕೊಡುವ ಬೆಣೆ, ಹಗ್ಗ. ಉಳಿದದ್ದೆಲ್ಲ ನೆಲವೇ ಒದಗಿಸಬೇಕು. ಲಾರಿಯ ಹಿಂದಿನ ಗಾಲಿಗಳನ್ನು ಒಂದು ತಗ್ಗಿಗಿಳಿಸಿ, ಹಿಂಬದಿಯನ್ನು ಒಂದು ದಿಬ್ಬಕ್ಕೆ ಹಚ್ಚಿದರೆ ಲಾರಿಯ ತಳವೂ ದಿಬ್ಬದ ನೆತ್ತಿಯೂ ಸಮ ಆಗುತ್ತಿದ್ದವು. ನಡುವೆ ಹಲಗೆ ಹಾಸಿ ಜೀಪನ್ನು ಮೆಲ್ಲಗೆ ದಾಟಿಸುವುದು. ಹೀಗಾಗಿ ಕಾಕಾ ಜಗತ್ತನ್ನು ನೋಡುತ್ತಿದ್ದುದೇ ದಿಬ್ಬಗಳ ಲೆಕ್ಕದಲ್ಲಿ. ಊರಿನ ಹೆಸರು ಕೇಳಿದರೆ, "ಅಲ್ಲಿ ಹುಣಸಿ ಗಿಡದ ಬಾಜೂಕ ಚಲೋ ದಿಬ್ಬ ಐತ್ರಿ" ಎನ್ನುತ್ತಿದ್ದರು. ಆ ಊರಿನಲ್ಲಿ ಮನುಷ್ಯರೂ ಇದ್ದಾರೆ ಎಂಬುದನ್ನು ನಾವೇ ನೆನಪು ಮಾಡಿಕೊಳ್ಳಬೇಕಿತ್ತು.

ಜೀಪು ಇಳಿಸಿದ ಮೇಲೆ ನಾನೂ ಒಬ್ಬ ಸಹಾಯಕನೂ ಅದರಲ್ಲಿ ಗುಡ್ಡ ಹತ್ತಿ ಹೋಗುತ್ತಿದ್ದೆವು. ಕಾಕಾ ಕೆಳಗೆ ಇಡೀ ದಿನ ಲಾರಿಯ ನೆರಳಿನಲ್ಲಿ ಕುಳಿತಿರುತ್ತಿದ್ದರು. ಬೇಸರವಾಗುವುದಿಲ್ಲವೇ ಎಂದು ಮೊದಮೊದಲು ಕೇಳಿದ್ದೆ. "ಒಯ್ಯೂದು ಯಾರರೆ ಒಯ್ತಾರ್ರಿ ಸಾಹೇಬ್ರ. ಕಾಯೂದು ನನ್ನ ಕೆಲಸ" ಎಂದಿದ್ದರು. ಹೊತ್ತು ಇಳಿಯತೊಡಗಿದಾಗ ಲಾರಿಯ ಹಾರ್ನನ್ನು ಒಮ್ಮೆ ಉದ್ದಕ್ಕೆ ಒತ್ತುತ್ತಿದ್ದರು. ಗುಡ್ಡದ ಮೇಲಿನಿಂದ ಎಲ್ಲ ಕಣಿವೆಗಳೂ ಒಂದೇ ಥರ ಕಾಣುವ ಆ ವೇಳೆಗೆ, ಎತ್ತ ಇಳಿಯಬೇಕೆಂಬುದನ್ನು ಆ ಸದ್ದು ಹೇಳುತ್ತಿತ್ತು.

ಅವರ ಊರು ಮಲಪ್ರಭೆಯ ದಂಡೆಯಲ್ಲಿತ್ತು. ನವಿಲುತೀರ್ಥದ ಅಣೆಕಟ್ಟಿನ ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಹೆಂಡತಿ ಮದುವೆಯಾದ ಹೊಸದರಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇದ್ದೊಬ್ಬ ತಾಯಿಯನ್ನು, ನೀರು ಬರುವ ಮೊದಲೇ, ಆ ಊರಿನ ಹೊಲದಲ್ಲಿ ಮಣ್ಣು ಮಾಡಿದ್ದರು. ಆ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಸ್ಟೇರಿಂಗ್ ಹಿಡಿದು ದಾರಿ ನೋಡುತ್ತಲೇ.

"ಊರು ಬಿಡೂ ಮುಂದ ಎಲ್ಲಾರ ಸಾಮಾನೂ ನನ್ನ ಲಾರಿಗೇ ಹೇರಿದ್ವಿ. ತೊಲಿ, ಬಾಗಲಾ, ಒಳಕಲ್ಲು, ಕೋಳಿಬುಟ್ಟಿ ಸೈತ. ಅವ್ವನ್ನ ಒಬ್ಬಾಕಿನ್ನ ಹೇರಾಕ ಬರಲಿಲ್ರಿ." ಗೇರು ಬದಲಿಸಿ ಮತ್ತೆ ಹೇಳಿದರು, "ಆಕಿ ನೀರಾಗ ಅದಾಳ. ಊರವ್ರು ದಿಕ್ಕಿಗೊಬ್ರಾದ್ರು. ನಾಳೆ ನಾ ಸತ್ರ ನನಗ ಮಣ್ಣು ಎಲ್ಲಿ, ಮಣ್ಣಿಗೆ ಬರಾವ್ರು ಯಾರು, ಅದೊಂದ ಚಿಂತಿ ನೋಡ್ರಿ. ಬಾಕಿ ಏನೂ ಇಲ್ಲ."

ಇಪ್ಪತ್ನಾಲ್ಕರ ಹುಡುಗ ನಾನು. ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಕಳಿಸಿ ಬರುವುದು. ತನ್ನ ಮಣ್ಣಿಗೆ ಬರುವವರಿಲ್ಲ ಎಂದುಕೊಂಡು ದಿನಾ ಎದ್ದು ಲಾರಿ ಒರೆಸುವ ಮನುಷ್ಯನ ಪಕ್ಕದಲ್ಲಿ ಕುಳಿತಿದ್ದೇನೆ ಎಂದು ಅವತ್ತು ತಿಳಿಯಿತು.

ಆಮೇಲೆ ಕಟಕೋಳದ ಆಚೆಯ ಗುಡ್ಡದ ಕೆಲಸ ಬಂತು. ಗಾಡಿದಾರಿ ಒಂದು ಹತ್ತಿಯ ಹೊಲದ ಅಂಚಿಗೆ ಬಂದು ಮುಗಿಯುತ್ತಿತ್ತು. ಕಾಕಾ ಇಳಿದು ಸುತ್ತ ನೋಡಿದರು. ಹೊಲದ ಬದಿಗೆ ಹುಲ್ಲು ಬೆಳೆದ ಅಗಲವಾದ ದಿಬ್ಬ, ಅದರ ಮುಂದೆಯೇ ಮಳೆನೀರು ಕೊರೆದ ತಗ್ಗು. ಅವರ ಕಣ್ಣು ಅರಳಿತು. "ದೇವ್ರ ನಮ್ಮ ಸಂಬಂಧನ ಮಾಡಿಟ್ಟಂಗ ಐತಲ್ರೀ!" ಎಂದರು. ಲಾರಿ ಹಚ್ಚಿದರು, ಹಲಗೆ ಹಾಸಿದರು, ಜೀಪನ್ನು ತಾವೇ ದಿಬ್ಬದ ಮೇಲೆ ದಾಟಿಸಿ ಆಚೆ ಇಳಿಸಿದರು. ಮೆತ್ತಗಿನ ಮಣ್ಣಿನಲ್ಲಿ ಗಾಲಿಯ ಎರಡು ಗೆರೆ ಆಳವಾಗಿ ಮೂಡಿದವು.

ಅಷ್ಟರಲ್ಲಿ ಹೊಲದ ಯಜಮಾನ ಬಂದ. ಕಾಕಾನಿಗಿಂತ ಸ್ವಲ್ಪ ಚಿಕ್ಕವನಿದ್ದಾನು, ಕೈಯಲ್ಲಿ ಬಾರುಕೋಲು. ಜಗಳಕ್ಕೆ ಬಂದನೆಂದುಕೊಂಡೆ. ಅವನು ಆ ಎರಡು ಗೆರೆಗಳನ್ನು ನೋಡುತ್ತ ನಿಂತುಬಿಟ್ಟ.

"ಸಾಹೇಬ್ರ, ಅದು ದಿಬ್ಬ ಅಲ್ರೀ," ಎಂದ. "ನಮ್ಮವ್ವ."

ಎರಡು ಮಳೆಗಾಲಕ್ಕೆ ಗೋರಿಯ ಅಂಚು ಕರಗಿ, ತಲೆಗೆ ಇಟ್ಟ ಕಲ್ಲು ಹುಲ್ಲಿನೊಳಗೆ ಬಿದ್ದುಹೋಗಿತ್ತು. ಕಾಕಾ ಜೀಪಿನಿಂದ ಇಳಿದರು. ಅವರ ಮುಖದ ಎರಡೂ ಕಡೆ ಒಂದೇ ಬಣ್ಣವಾದದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಚಪ್ಪಲಿ ಕಳಚಿ, ಅಲ್ಲೇ ಮಂಡಿಯೂರಿ, ಗಾಲಿಯ ಗೆರೆಗಳಿಗೆ ಕೈಯಿಂದ ಮಣ್ಣು ತುಂಬತೊಡಗಿದರು. "ನನಗ ತಿಳೀಬೇಕಿತ್ರೀ, ಬ್ಯಾರೆದಾವ್ರಿಗೆ ತಿಳೀಲಿಲ್ಲಂದ್ರೂ ನನಗ ತಿಳೀಬೇಕಿತ್ತು" ಎಂದು ಅದನ್ನೇ ಹೇಳುತ್ತಿದ್ದರು.

ಅವತ್ತು ಜೀಪು ಗುಡ್ಡ ಹತ್ತಲಿಲ್ಲ. ಕಾಕಾ ಹಳ್ಳದಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದರು, ನೀರು ಚಿಮುಕಿಸಿ ಬಡಿದರು, ಹುಲ್ಲಿನಲ್ಲಿ ಬಿದ್ದ ಕಲ್ಲನ್ನು ಹುಡುಕಿ ತೊಳೆದು ನಿಲ್ಲಿಸಿದರು. ನಾನು ಬುಟ್ಟಿಗೆ ಕೈಹಾಕಿದರೆ, "ನೀವು ಬಿಡ್ರಿ" ಎಂದು ಗದರಿಸಿದರು. ಯಜಮಾನ ಬೇವಿನ ಗಿಡದ ಕೆಳಗೆ ಕುಳಿತು ನೋಡುತ್ತಿದ್ದ. ಮಧ್ಯಾಹ್ನದ ಬಿಸಿಲಿಗೆ ಎದ್ದು ಬಂದು ತಂಬಿಗೆ ನೀರು ಕೊಟ್ಟ. ಮುಂದಿನ ಬುಟ್ಟಿಯನ್ನು ತಾನೇ ಹೊತ್ತ. ಸಂಜೆಯ ಹೊತ್ತಿಗೆ ಅವ್ವನ ಗೋರಿ ಹೊಸದಾಗಿ ಎದ್ದು ನಿಂತಿತ್ತು. ಆಗ ಯಜಮಾನನೇ ಹೇಳಿದ, "ನಿಮ್ಮ ಗಾಡಿ ಅಂತೂ ದಿನಾ ಬರಬೇಕಲ್ರೀ ಡ್ರೈವರ ಸಾಹೇಬ್ರ. ಅತ್ಲಾಗ ಬದುವಿನ ಕಡೆ ಒಂದು ಕಟ್ಟಿ ಹಾಕೂಣಂತ. ಅವ್ವಗೂ ತ್ರಾಸಿಲ್ಲ, ನಿಮಗೂ ತ್ರಾಸಿಲ್ಲ."

ಇಬ್ಬರೂ ಸೇರಿ ಕಲ್ಲುಮಣ್ಣು ಪೇರಿಸಿ ಜೀಪಿಗೊಂದು ಕಟ್ಟೆ ಕಟ್ಟಿದರು. ಆ ಗುಡ್ಡದ ಕೆಲಸ ಮುಗಿಯುವವರೆಗೂ ನಮ್ಮ ಜೀಪು ಹತ್ತಿದ್ದು, ಇಳಿದದ್ದು ಅಲ್ಲಿಂದಲೇ.

ಕಾಕಾ ಆಮೇಲೆ ಲಾರಿಯ ನೆರಳಿನಲ್ಲಿ ಕೂರುವುದನ್ನು ಬಿಟ್ಟರು. ಗುಡ್ಡ ಇಳಿದು ಬರುವಾಗ ಕಾಣುತ್ತಿತ್ತು, ಗೋರಿಯ ಪಕ್ಕದಲ್ಲಿ ಕಾಲು ಚಾಚಿ ಕುಳಿತು ಏನೋ ಮಾತನಾಡುತ್ತಿರುತ್ತಿದ್ದರು. ನಮ್ಮನ್ನು ಕಂಡರೆ ನಾಚುತ್ತಿರಲಿಲ್ಲ. "ಏನಿಲ್ರಿ, ಅವ್ವಗ ಹೇಳಾಕತ್ತಿದ್ದೆ, ಈ ಸಲ ಹತ್ತಿ ಚಲೋ ಬಂದೈತಿ ಅಂತ" ಎನ್ನುತ್ತಿದ್ದರು. ಬುತ್ತಿಯ ರೊಟ್ಟಿಯಲ್ಲಿ ಒಂದು ತುಂಡು ಮುರಿದು, ಮೇಲಿಷ್ಟು ಶೇಂಗಾಚಟ್ನಿ ಹಚ್ಚಿ ಕಲ್ಲಿನ ಮುಂದೆ ಇಡುತ್ತಿದ್ದರು. ಕಾಗೆ ತಿಂದರೆ ಖುಷಿ. ತಿನ್ನದಿದ್ದರೆ, "ಇವತ್ತ ಖಾರ ಜಾಸ್ತಿ ಆತು ಕಾಣತೈತಿ" ಎಂದು ತಮ್ಮ ಕೈಯ ಅಡುಗೆಯನ್ನೇ ಬೈದುಕೊಳ್ಳುತ್ತಿದ್ದರು.

ಒಂದು ಸಂಜೆ ಹಗ್ಗ ಬಿಗಿಯುತ್ತಿರುವಾಗ ಬಹಳ ಸಣ್ಣ ದನಿಯಲ್ಲಿ ಕೇಳಿದರು, "ಯಾರದರೆ ಹೊಲದಾಗ ಒಬ್ಬ ಮನಷ್ಯಾ ಮಲಗೂವಷ್ಟು ಜಾಗಾ ಹೆಂಗ ಕೇಳೂದ್ರಿ ಸಾಹೇಬ್ರ?"

ನಾನು ಕೇಳುತ್ತೇನೆ, ಯಜಮಾನ ಒಳ್ಳೆಯವನು, ಇಲ್ಲ ಎನ್ನಲಾರ ಎಂದೆ. ಅವರು ಹಗ್ಗ ಬಿಟ್ಟು ನನ್ನ ಕೈ ಹಿಡಿದುಕೊಂಡರು. "ಬ್ಯಾಡ್ರಿ. ನಿಮಗ ನನ್ನ ಆಣಿ ಐತಿ. ಕೇಳಿ ತಗೊಂಡ್ರ ಅದು ಬರೇ ಜಾಗಾ ಆಗತೈತಿ, ಮಣ್ಣು ಆಗೂದಿಲ್ಲ."

ಕೆಲಸ ಮುಗಿಯಿತು, ಡೇರೆ ಕಿತ್ತೆವು. ಜೀಪನ್ನು ಕಡೆಯ ಸಲ ಹೇರಿಕೊಂಡು ಧಾರವಾಡದ ಕಚೇರಿಗೆ ಒಪ್ಪಿಸಿ ಬಂದದ್ದೂ ಕಾಕಾನೇ. ನನಗೆ ಬೈಲಹೊಂಗಲದಲ್ಲೇ ಕಚೇರಿಯ ಕೆಲಸ ಸಿಕ್ಕಿತು. ಅವರು ನಿವೃತ್ತರಾಗಿ ಸವದತ್ತಿಯ ಗ್ಯಾರೇಜೊಂದರ ಹಿಂದಿನ ಕೋಣೆಯಲ್ಲಿ ಉಳಿದರು. ಹೋದಾಗೆಲ್ಲ ಚಹಾ ಕಾಸಿ ಕೊಡುತ್ತಿದ್ದರು. ಒಂದೇ ಬಸಿ, ಒಂದೇ ಕಪ್ಪು ಇದ್ದವು. ನನಗೆ ಕಪ್ಪು ಕೊಟ್ಟು ತಾವು ಬಸಿಯಲ್ಲಿ ಕುಡಿಯುತ್ತಿದ್ದರು.

ಒಂದು ದಿನ ಹತ್ತಿ ಮಾರಲು ಬೈಲಹೊಂಗಲದ ಪೇಟೆಗೆ ಬಂದಿದ್ದ ಕಟಕೋಳದ ಯಜಮಾನ ವಿಚಾರಿಸಿಕೊಂಡು ನಮ್ಮ ಮನೆಗೆ ಬಂದ. ಕುಳಿತುಕೊಳ್ಳಲಿಲ್ಲ.

"ಡ್ರೈವರ ಸಾಹೇಬ್ರು ಹ್ವಾದ್ರ್ರಿ," ಎಂದ.

ಕಾಕಾ ಜ್ವರ ಹೊತ್ತುಕೊಂಡೇ ಬಸ್ಸು ಹಿಡಿದು ಕಟಕೋಳದಲ್ಲಿ ಇಳಿದು, ಹೊಲದವರೆಗೆ ನಡೆದು ಬಂದು ಗೋರಿಯ ಹತ್ತಿರ ಕುಳಿತಿದ್ದರಂತೆ. ಯಜಮಾನ ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದ. ಅವನ ಹೆಂಡತಿ ಗಂಜಿ ಕುಡಿಸಿದಳು. ಔಷಧಿ ಹತ್ತಲಿಲ್ಲ.

"ಜಾಗ ಕೇಳಿದರೇನು?" ಎಂದೆ.

"ಇಲ್ರಿ. ಕೇಳೂದೇನಿತ್ತು? ಅವ್ವನ ಬಾಜೂಕ ಇಟ್ಟೇವಿ. ನಮ್ಮ ಅಣ್ಣತಮ್ಮಂದ್ರು ತಕರಾರ ತಗದ್ರು, ಯಾರೋ ಏನೋ, ನಮ್ಮ ಹೊಲದಾಗ ಯಾಕ ಅಂತ. ನಾ ಅಂದೆ, ಅವ್ವನ ಮುಂದ ದಿನಗಟ್ಟಲೆ ಕುಂತು ಮಾತಾಡ್ಯಾನ ಅವ. ನಿಮ್ಮೊಳಗ ಯಾರರೆ ಒಂದ ದಿನಾ ಕುಂತೀರೇನು? ಯಾರೂ ಉಸರ ಒಡೀಲಿಲ್ಲ. ಮಣ್ಣಿಗೆ ಊರ ಮಂದೆಲ್ಲಾ ಬಂದಿದ್ರಿ." ಆಮೇಲೆ ನನ್ನ ಮುಖ ನೋಡಿ ಹೇಳಿದ, "ಕಡೀಕ ಜ್ವರದಾಗ ಒಂದ ಮಾತ ಬಡಬಡಸ್ತಿದ್ರು. ಹಾರ್ನ್ ಹೊಡೀರಿ, ಸಾಹೇಬ್ರು ಇನ್ನೂ ಗುಡ್ಡದ ಮ್ಯಾಲ ಅದಾರ ಅಂತ."

ನಾನು ಅತ್ತೆ. ನನಗಾಗಿ ಒಬ್ಬರು ಕಾಯುತ್ತಿದ್ದರು ಎಂಬುದು ಅವರು ಕಾಯುವುದನ್ನು ನಿಲ್ಲಿಸಿದ ಮೇಲೆ ತಿಳಿಯಿತು. ಈಗಲೂ ಹೊತ್ತು ಇಳಿಯುವ ವೇಳೆಗೆ ಎಲ್ಲಾದರೂ ಲಾರಿಯ ಹಾರ್ನು ಉದ್ದಕ್ಕೆ ಕೇಳಿದರೆ ತಲೆಯೆತ್ತಿ ನೋಡುತ್ತೇನೆ, ಯಾರೂ ಇರುವುದಿಲ್ಲ.

ಮರುದಿನವೇ ಯಜಮಾನನ ಜೊತೆ ಹೋದೆ. ಅವ್ವನ ಗೋರಿಯ ಪಕ್ಕದಲ್ಲಿ ಇನ್ನೊಂದು ಹಸಿ ಗೋರಿ, ಅದಕ್ಕಿನ್ನೂ ಕಲ್ಲು ಇಟ್ಟಿರಲಿಲ್ಲ. ಬದುವಿನ ಕಡೆ ನಮ್ಮ ಜೀಪಿನ ಕಟ್ಟೆ ಹಾಗೆಯೇ ಇತ್ತು; ಊರವರು ಈಗ ಅಲ್ಲಿಂದ ಹತ್ತಿ ತುಂಬಿದ ದೊಡ್ಡ ಚೀಲ, ಅಂಡಿಗೆಗಳನ್ನು ಲಾರಿಗೆ ಹೇರುತ್ತಾರಂತೆ. ನಾವು ನಿಂತಿರುವಾಗಲೇ ಹತ್ತಿ ಒಯ್ಯಲು ಲಾರಿಯೊಂದು ಬಂತು. ಅದರ ಹುಡುಗ ಚಾಲಕ ಹೊಸಬ. ಕತ್ತು ಹೊರಚಾಚಿ ಸುತ್ತ ನೋಡಿ, ಹಸಿಮಣ್ಣಿನ ದಿಬ್ಬ ಕಂಡು ಲಾರಿಯನ್ನು ಅದರ ಕಡೆಗೇ ಹಿಂದಕ್ಕೆ ಬಿಡತೊಡಗಿದ.

ಯಜಮಾನ ಎರಡೂ ಕೈ ಎತ್ತಿ ಓಡಿದ.

"ಏ ತಮ್ಮಾ, ನಿಲ್ಲಸು! ಕಟ್ಟಿ ಅತ್ಲಾಗ ಐತಿ, ಅಲ್ಲಿ ಹಚ್ಚು. ಇಲ್ಲಿ ನಮ್ಮಣ್ಣ ಮಲಗ್ಯಾನ."