ಇಳಕಲ್ಲಿಗೆ, ಆಡಿನ ಕಥೆ ಬರೆದ ಅಕ್ಕಾರನ್ನು ನೋಡಲು

ನವನಗರದ ನಿಲ್ದಾಣದಲ್ಲಿ ಇಳಕಲ್ ಬಸ್ಸು ಹತ್ತಿದಾಗ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಆಧಾರ್ ಕಾರ್ಡು ತೋರಿಸಿ ನಾನೂ ಗೆಳತಿ ಶಬಾನಾಳೂ ಪುಕ್ಕಟೆ ಟಿಕೆಟ್ ಪಡೆದೆವು. ಅವಳು ದವಾಖಾನೆಯಲ್ಲಿ ನರ್ಸು. ಚಿಕ್ಕವರಿದ್ದಾಗ ನಾವಿಬ್ಬರೂ ಕಿತ್ತಾಡಿ ಓದಿದ್ದು, ಜಮೀನ್ದಾರನಿಗೆ ಎದುರು ಮಾತಾಡುವ ಆಡಿನ ಕಥೆಗಳನ್ನು. ಅವನ್ನು ಬರೆದ ಅಕ್ಕಾರಿಗೆ ಈಗ ಎಪ್ಪತ್ತು ದಾಟಿದೆ. ಎಲ್ಲೋ ಮರ ಕಡಿದರೂ ಎದುರು ನಿಂತು ಮಾತಾಡುತ್ತಾರೆ, ಹಳ್ಳಿ ಹುಡುಗಿಯರಿಗೆ ಬಸ್ಸು ನಿಲ್ಲಿಸದಿದ್ದರೂ ಮಾತಾಡುತ್ತಾರೆ. ಇಳಕಲ್ಲಿನಲ್ಲಿ ಮಕ್ಕಳ ಓದುವ ಕೋಣೆಗೆ ಕೀಲಿ ಬಿದ್ದಿತ್ತು. ಅದನ್ನು ತೆರೆಸಲು ಅಂದು ಅಕ್ಕಾರು ಅಲ್ಲಿಗೆ ಹೋಗಿದ್ದರು, ಅವರನ್ನು ನೋಡಲು ನಾವು ಹೊರಟಿದ್ದೆವು.

ಕಮತಗಿ ದಾಟಿದ ಮೇಲೆ ಮುಂದಿನ ಸೀಟಿನ ಹಿರಿಯರೊಬ್ಬರು ಅಕ್ಕಾರ ಬಗ್ಗೆ ನಾವಾಡುತ್ತಿದ್ದ ಮಾತು ಕೇಳಿ ನಮ್ಮತ್ತ ತಿರುಗಿದರು. “ಕಥಿ ಬರಿಯೋರು ಕಥಿ ಬರಕೋಂತ ಇರಬೇಕವಾ. ಇದೆಲ್ಲಾ ಯಾಕ ಬೇಕು?”

ಶಬಾನಾ ಕೆರಳಿದಳು. “ಆಡು ಎದುರು ಮಾತಾಡಿದ್ರ ಚಪ್ಪಾಳಿ ಹೊಡಿತೀರಿ, ಬರದಾಕಿ ಬಾಯಿ ಮುಚಗೊಂಡು ಕುಂದ್ರಬೇಕೇನ್ರಿ? ಆ ಕಥಿ ಓದೀರಿಲ್ಲೋ?”

“ಓದಿಲ್ಲವಾ. ಕೇಳಿ ಕೇಳಿ ಸಾಕಾಗೈತಿ.”

ಅಮೀನಗಡದಲ್ಲಿ ಕರದಂಟು ಕೊಂಡು, ಅವರಿಗೆ ಕೊಡದೆ ತಿಂದೆವು. ಹುನಗುಂದದವರೆಗೂ ವಾದ ನಿಲ್ಲಲಿಲ್ಲ.

ಇಳಕಲ್ಲಿನಲ್ಲಿ ಇಳಿದು ಆ ಹಿರಿಯರು ನಮಗಿಂತ ಮುಂದೆ ಸರಸರ ನಡೆದು, ಓದುವ ಕೋಣೆಯ ಎದುರು ನಿಂತಿದ್ದ ಅಕ್ಕಾರ ಕೈಗೆ ಒಂದು ಪೊಟ್ಟಣ ಕೊಟ್ಟರು. “ಬಿ.ಪಿ. ಗುಳಿಗಿ ಮನ್ಯಾಗ ಬಿಟ್ಟು ಬಂದೀಯಲ್ಲ!”

ಅಕ್ಕಾರ ಗಂಡ! ಶಬಾನಾ ನನ್ನ ಬೆನ್ನ ಹಿಂದೆ ಸರಿದಳು.

“ಈ ಹುಡಿಗಿ ಹಾದಿ ತುಂಬ ನಿನ್ನ ವಕೀಲಕಿ ಮಾಡ್ಯಾಳ ನೋಡು,” ಎಂದು ಅವರೇ ಅವಳನ್ನು ಮುಂದೆ ಕರೆದರು. ಅಕ್ಕಾರು ನಕ್ಕು, “ಫೀಸು ಅವರ ಹತ್ರನ ಇಸಕೋವಾ,” ಎಂದರು.

ಕೋಣೆಯ ಉಸ್ತುವಾರಿಯ ಸಾಹೇಬರು, “ಕೀಲಿಕೈ ಸಿಗವಲ್ದರಿ ಅಕ್ಕಾರ,” ಎಂದು ಕೈ ಹೊಸೆದರು.

“ಸಿಗೂತನಕ ಇಲ್ಲೇ ಓದೂಣು,” ಎಂದು ಅಕ್ಕಾರು ಆಡಿನ ಕಥೆಯ ಪುಸ್ತಕ ತೆಗೆದು, ನೆರೆದಿದ್ದ ಮಕ್ಕಳ ನಡುವೆ ಮೆಟ್ಟಿಲ ಮೇಲೆ ಕುಳಿತೇಬಿಟ್ಟರು. ಜಮೀನ್ದಾರನ ಮಾತು ಬಂದಾಗೆಲ್ಲ ಸಾಹೇಬರ ಮುಖ ನೋಡಿ ಓದಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಎರಡನೆಯ ಕಥೆ ಮುಗಿಯುವುದರೊಳಗೆ ಕೀಲಿಕೈ ಸಾಹೇಬರ ಜೇಬಿನಲ್ಲೇ ಸಿಕ್ಕಿತು.

ಸಂಜೆ ನಾಲ್ವರೂ ಒಂದೇ ಬಸ್ಸಿನಲ್ಲಿ ಮರಳಿದೆವು. ಅಕ್ಕಾರಿಗೆ ಗಂಡನ ಭುಜದ ಮೇಲೆ ನಿದ್ದೆ ಹತ್ತಿತ್ತು. ಅವರ ಫೋನು ರಿಂಗಾಯಿತು, ಗಂಡ ಎತ್ತಿದರು. ಆ ಕಡೆಯ ಬೈಗುಳ ನಮಗೂ ಕೇಳಿಸಿತು. ಅಕ್ಕಾರು ಎಲ್ಲಾದರೂ ಮಾತಾಡಿದ ದಿನ ಇಂಥ ಕರೆಗಳು ಬಂದೇ ಬರುತ್ತವಂತೆ.

ಹಿರಿಯರು ದನಿ ತಗ್ಗಿಸಿದರು: “ಆಕಿ ಮಲಗ್ಯಾಳರಿ. ನಾ ಆಕಿ ಗಂಡ, ನನಗ ಬೈರಿ. ಲಗೂನ ಬೈದು ಮುಗಸ್ರಿ, ನಮ್ಮ ಸ್ಟಾಪ್ ಬಂತು.”