ಅತ್ತೆಯ ಜೊತೆ ಅರ್ಧ ಗಂಟೆ

ನನ್ನ ಅತ್ತೆಯನ್ನು ಓಣಿಯಲ್ಲಿ ಎಲ್ಲರೂ ಟೈಲರಮ್ಮ ಎನ್ನುತ್ತಾರೆ. ಮೂವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದವರು. ಬಟ್ಟೆಯ ಅಳತೆ ತಪ್ಪಿದ್ದನ್ನು ನಾನು ಕಂಡಿಲ್ಲ. ಮಾತಿನ ಅಳತೆ ಮಾತ್ರ ಹುಟ್ಟಿನಿಂದಲೇ ಗೊತ್ತಿಲ್ಲ. ನನ್ನ ಮೊದಲ ಗರ್ಭ ಐದನೇ ತಿಂಗಳಲ್ಲಿ ಹೋದಾಗ, ನೆಂಟರು ತುಂಬಿದ್ದ ನಡುಮನೆಯಲ್ಲಿ ನಿಂತು ಅಂದರು: "ಇವಳಿಗೆ ಕಾಲು ನಿಲ್ಲಲ್ಲ. ದಿನಾ ವಾಕಿಂಗ್ ಅಂತೆ. ನಡೆದೂ ನಡೆದೂ ಕಳ್ಕೊಂಡ್ಳು."

ಅವತ್ತೇ ನಾನು ಅವರ ಜೊತೆ ಮಾತು ಬಿಟ್ಟೆ. ಎರಡು ವರ್ಷ ಉಪ್ಪು ಬೇಕಾದರೂ ಗಂಡನ ಮೂಲಕವೇ ಕೇಳಿದೆ.

ಮತ್ತೆ ಬಸುರಿಯಾದಾಗ ಡಾಕ್ಟರಮ್ಮ ದಿನಾ ಅರ್ಧ ಗಂಟೆ ನಡೆಯಬೇಕು ಎಂದರು. ಅತ್ತೆಯ ಮಾತು ಶುದ್ಧ ಸುಳ್ಳೆಂದು ಹಲ್ಲು ಕಚ್ಚಿಕೊಂಡಿದ್ದವಳಿಗೆ, ಅದು ನಿಜವಿದ್ದರೆ ಎಂಬ ಹೆದರಿಕೆ ಒಳಗೊಳಗೇ ಇತ್ತು.

"ನಡೆದ್ರೆ ಏನೂ ಆಗಲ್ಲ," ಎಂದರು ಡಾಕ್ಟರಮ್ಮ. "ಮಾತಾಡ್ತಾ ನಡೀರಿ. ಪೂರ್ತಿ ಮಾತು ಬಾಯಿಂದ ಬರ್ತಿದ್ರೆ ವೇಗ ಸರಿ ಇದೆ ಅಂತ. ಏದುಸಿರು ಬಂದ್ರೆ ನಿಧಾನ ಮಾಡಿ. ಜೋರು ತಲೆನೋವು, ಕಣ್ಣು ಮಂಜು, ರಕ್ತ ಏನಾದ್ರೂ ಕಂಡ್ರೆ ಅಲ್ಲೇ ನಿಲ್ಲಿಸಿ ಇಲ್ಲಿಗೆ ಬನ್ನಿ. ಒಬ್ಬರೇ ಹೋಗಬೇಡಿ."

ಗಂಡನಿಗೆ ಸಂಜೆ ಪಾಳಿ. ಉಳಿದವರು ಟೈಲರಮ್ಮ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿ ಮಗ ಅಂಗಲಾಚಿದ್ದಕ್ಕೆ ಮುಖ ಗಂಟಿಕ್ಕಿಕೊಂಡೇ ಚಪ್ಪಲಿ ಮೆಟ್ಟಿದರು.

ನಮ್ಮಿಬ್ಬರ ಬಳಿ ಆಡಲು ಯಾವ ಮಾತಿತ್ತು? ಜಗಳ. ಆಟದ ಮೈದಾನದ ಸುತ್ತ ಅದನ್ನೇ ಆಡಿದೆವು.

"ನಾನು ಮೆಷಿನ್ ತುಳೀತಾನೇ ಹೆತ್ತೆ. ಈಗಿನವರಿಗೆ ನಡೆಯೋದಕ್ಕೂ ಡಾಕ್ಟರ ಚೀಟಿ ಬೇಕು."

"ಅದಕ್ಕೇ ನಿಮ್ಮ ಸೊಂಟ ಇವತ್ತಿಗೂ ನೆಟ್ಟಗಿಲ್ಲ."

"ನಾಲಿಗೆ ನೋಡು, ಮಾರುದ್ದ."

"ನಿಮ್ಮ ಅಳತೆಗೇ ಹೊಲಿಸಿದ್ದು, ಅತ್ತೆ."

ನನ್ನ ಕೆಲಸ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ. ಹಗಲೆಲ್ಲ ಫೋನಿನಲ್ಲಿ ಊರವರ ಬೈಗುಳ ಕೇಳಿ "ಆಗಲಿ ಸರ್" ಎನ್ನುವವಳು, ಸಂಜೆ ಅಷ್ಟನ್ನೂ ಅತ್ತೆಯ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಹೊಟ್ಟೆ ದೊಡ್ಡದಾದಂತೆ ಹೆಜ್ಜೆ ಸಣ್ಣದಾಯಿತು, ಜಗಳ ಸಣ್ಣದಾಗಲಿಲ್ಲ.

ಎಂಟನೇ ತಿಂಗಳಲ್ಲಿ ಒಂದು ಸಂಜೆ ಅವರು ನನ್ನ ಅಮ್ಮನನ್ನೇ ಎಳೆದು ತಂದರು. "ನಿಮ್ಮಮ್ಮ ನಿನಗೆ ಬಾಯಿ ಮುಚ್ಚೋದೊಂದು ಕಲಿಸಿದ್ರೆ ಸಾಕಾಗಿತ್ತು."

ನಾನು ಸುಮ್ಮನಿದ್ದೆ. ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಈಗ ಕಣ್ಣ ಮುಂದೆ ಮಿಣುಕು ಚುಕ್ಕೆ. ನಿದ್ದೆ ಸಾಲದ ತಲೆನೋವೆಂದುಕೊಂಡು ಯಾರಿಗೂ ಹೇಳಿರಲಿಲ್ಲ, ದಡ್ಡಿ ನಾನು.

ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿದರು. "ನಿಮ್ಮಮ್ಮನಿಗೆ ಅಂದೆ ಕಣೇ. ಕೇಳಿಸ್ತಾ?"

ಬಾಯಿ ತೆರೆದೆ. ಮಾತು ಬರಲಿಲ್ಲ.

ಟೈಲರಮ್ಮ ನನ್ನ ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. ರಸ್ತೆಯ ನಡುವೆ ನಿಂತು, ಬರುತ್ತಿದ್ದ ಕಾರನ್ನು ಅಡ್ಡಗಟ್ಟಿದರು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ನನ್ನ ರಕ್ತದೊತ್ತಡ ವಿಪರೀತ ಏರಿತ್ತು. ಅವತ್ತೇ ಆಪರೇಷನ್ ಮಾಡಿ ಮಗಳನ್ನು ಹೊರತೆಗೆದರು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದ ಡಾಕ್ಟರಮ್ಮ ಮಾತನ್ನು ಅರ್ಧಕ್ಕೇ ಬಿಟ್ಟರು.

ನಾಲ್ಕನೇ ದಿನ ನೆಂಟರು ಆಸ್ಪತ್ರೆಗೆ ಬಂದರು. ಅತ್ತೆಯ ನಾದಿನಿ ನನ್ನ ಹೊಟ್ಟೆಯನ್ನೇ ನೋಡಿ, "ಈಗಿಂದಲೇ ಬಗ್ಗಿ ಎದ್ದು ವ್ಯಾಯಾಮ ಮಾಡಮ್ಮ, ಇಲ್ಲಾಂದ್ರೆ ಜೋತುಬೀಳುತ್ತೆ," ಎಂದರು.

"ಹೊಲಿಗೆ ಇನ್ನೂ ಹಸಿ," ಎಂದರು ಟೈಲರಮ್ಮ. "ಹೊಲಿಗೆ ಎಳೆದ್ರೆ ಏನಾಗುತ್ತೆ ಅಂತ ನನಗೇ ಹೇಳ್ಕೊಡ್ತೀಯಾ? ಸದ್ಯಕ್ಕೆ ಬಾಗಿಲವರೆಗೆ ನಿಧಾನವಾಗಿ ನಡೀತಾಳೆ. ಉಳಿದಿದ್ದು ಡಾಕ್ಟರು ನೋಡಿ ಹೇಳ್ತಾರೆ."

"ನಡೀತಾಳಾ? ನಡೆದೂ ನಡೆದೂ ಮೊದಲನೇದನ್ನ ಕಳ್ಕೊಂಡ್ಳು ಅಂತ ನೀವೇ ಹೇಳಿದ್ರಲ್ಲ ಅತ್ತಿಗೆ."

ನಾನು ಮಗುವನ್ನು ಎದೆಗೆ ಒತ್ತಿಕೊಂಡೆ.

"ಹೇಳಿದ್ದೆ," ಎಂದರು ಅತ್ತೆ. "ಸುಳ್ಳು ಹೇಳಿದ್ದೆ. ಡಾಕ್ಟರನ್ನ ಕೇಳ್ದೆ, ನಡೆದಿದ್ದಕ್ಕೆ ಹೋಗಿದ್ದಲ್ಲವಂತೆ. ಇವಳದೇನೂ ತಪ್ಪಿಲ್ಲ. ಅವತ್ತು ನನ್ನ ಮಾತು ಕೇಳಿದವರೆಲ್ಲ ಇದನ್ನೂ ಕೇಳ್ಕೊಳ್ಳಿ."

ನನ್ನೊಳಗೆ ಅವತ್ತಿನ ಸಿಟ್ಟು ಹಾಗೇ ಕೂತಿತ್ತು. "ತಡ ಮಾಡಿದ್ರಿ ಅತ್ತೆ," ಎಂದೆ.

"ಹೌದು," ಎಂದರು.

ಅಷ್ಟೇ. ಮತ್ತೊಂದು ಮಾತು ಸೇರಿಸಲಿಲ್ಲ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನನಗೆ ಅಳು ಬಂತು.